ಮಿಶ್ರವಸ್ತುವಿನ ಒಂದು ಆಟ: ‘ದಿ ಬೀಸ್ಟ್ ವಿದಿನ್’

ಕನ್ನಡದಲ್ಲಿ ‘ಆಟ’ವೆಂಬ ಶಬ್ದ ಆಡುವುದಕ್ಕೂ ಸಲ್ಲುತ್ತದೆ, ನೋಡುವುದಕ್ಕೂ ಸಲ್ಲುತ್ತದೆ. ಮಕ್ಕಳು ಆಟವಾಡುತ್ತಾರೆ, ಕರಾವಳಿಯ ರಸಿಕರು ಯಕ್ಷಗಾನದ ಆಟಕ್ಕೆ ಹೋಗಿ ಬೆಳಗಾಗುವ ತನಕ ಕುಳಿತು ನೋಡುತ್ತಾರೆ. ಈ ಎರಡನ್ನೂ ಒಂದೆಡೆ ಕೂಡಿಸಬೇಕೆಂಬ ಹಂಬಲ 1990ರ ದಶಕದಲ್ಲಿ ಅಮೆರಿಕದ ಕಂಪ್ಯೂಟರ್ ಆಟಗಳ ಕರ್ತೃಗಳಲ್ಲಿ ತಲೆದೋರಿತು. ಸಿ.ಡಿ. ತಟ್ಟೆಗಳಲ್ಲಿ ಚಲಚ್ಚಿತ್ರವನ್ನು ತುಂಬಿಡಲು ಎಡೆ ದೊರೆತೊಡನೆ, ಬರೆದ ಬೊಂಬೆಗಳ ಸ್ಥಾನಕ್ಕೆ ನಿಜವಾದ ನಟರು ಬಂದರು. ಕೆಲವೇ ವರ್ಷಗಳಲ್ಲಿ ಆ ಪದ್ಧತಿ ಹಿಂದೆ ಸರಿಯಿತಾದರೂ, ಅದರ ಫಲವಾಗಿ ಹುಟ್ಟಿದ ಕೃತಿಗಳಲ್ಲಿ ಒಂದು ಇಂದಿಗೂ ವಿಮರ್ಶೆಗೆ ಅರ್ಹವಾಗಿ ಉಳಿದಿದೆ. ಸಿಯೆರಾ ಸಂಸ್ಥೆ 1995ರಲ್ಲಿ ಆರು ಸಿ.ಡಿ.ಗಳಲ್ಲಿ ಹೊರತಂದ, ಜೇನ್ ಜೆನ್ಸನ್ ರಚಿಸಿದ ‘ದಿ ಬೀಸ್ಟ್ ವಿದಿನ್’ ಎಂಬುದೇ ಆ ಕೃತಿ.

ಕಥಾನಾಯಕ ಗೇಬ್ರಿಯಲ್ ನೈಟ್ ನ್ಯೂ ಆರ್ಲಿಯನ್ಸ್ ನಗರದ ಕಾದಂಬರಿಕಾರ. ಅತಿಮಾನುಷ ಕೇಡುಗಳನ್ನು ಬೇಟೆಯಾಡುವ ಬವೇರಿಯದ ರಿಟ್ಟರ್ ವಂಶದ ಕೊನೆಯ ಕುಡಿ. ಮ್ಯೂನಿಕ್ ಬಳಿ ತೋಳವೊಂದು ಬಾಲಕಿಯನ್ನು ಕೊಂದಾಗ ಹಳ್ಳಿಗರು ಅವನ ಮೊರೆಹೊಗುತ್ತಾರೆ. ಅವನು ಶ್ರೀಮಂತರ ಬೇಟೆಗಾರರ ಕೂಟವೊಂದನ್ನು ಹೊಕ್ಕು ಜೀವಂತ ಮನುಷ್ಯರ ನಡುವೆ ಅಪರಾಧಿಯನ್ನು ಅರಸುತ್ತಾನೆ. ಅವನ ಸಹಾಯಕಿ ಗ್ರೇಸ್ ನಾಕಿಮುರಾ ಗ್ರಂಥಗಳಲ್ಲಿ, ಅರಮನೆಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ ದೊರೆ ಎರಡನೆಯ ಲುಡ್ವಿಗನ ಜೀವನವನ್ನು ಶೋಧಿಸುತ್ತಾಳೆ. ಆರು ಅಧ್ಯಾಯಗಳಲ್ಲಿ ಆಡುವವನು ಒಮ್ಮೆ ಅವನಾಗಿ, ಒಮ್ಮೆ ಅವಳಾಗಿ ನಡೆಯಬೇಕು.

ಧನಂಜಯನ ‘ದಶರೂಪಕ’ವು ನಾಟಕದ ವಸ್ತುವನ್ನು ಪ್ರಖ್ಯಾತ, ಉತ್ಪಾದ್ಯ, ಮಿಶ್ರ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ಈ ಆಟದ್ದು ಮಿಶ್ರವಸ್ತು. ಲುಡ್ವಿಗನು 1864ರಲ್ಲಿ ಹದಿನೆಂಟರ ಹರೆಯದಲ್ಲಿ ಪಟ್ಟವೇರಿದುದು, ಅದೇ ವರ್ಷ ಸಂಗೀತಕಾರ ವಾಗ್ನರನನ್ನು ಕರೆಸಿಕೊಂಡು ಪೋಷಿಸಿದುದು, 1869ರಲ್ಲಿ ನೋಯ್‌ಶ್ವಾನ್‌ಸ್ಟೈನ್ ಅರಮನೆಗೆ ಅಡಿಗಲ್ಲಿಟ್ಟುದು, ಬುದ್ಧಿಭ್ರಮಣೆಯ ಆರೋಪದಿಂದ ಪದಚ್ಯುತನಾಗಿ 1886ರ ಜೂನ್ 13ರಂದು ವೈದ್ಯ ಗುಡ್ಡೆನ್ನನೊಡನೆ ಸ್ಟಾರ್ನ್‌ಬರ್ಗ್ ಸರೋವರದಲ್ಲಿ ಹೆಣವಾಗಿ ದೊರೆತುದು, ಇವೆಲ್ಲ ಪ್ರಖ್ಯಾತ. ಆ ಸಾವಿನ ಬಗೆ ಇಂದಿಗೂ ನಿರ್ಣಯವಾಗಿಲ್ಲ. ದೊರೆಗೆ ತೋಳವಾಗುವ ಶಾಪ ತಗಲಿತ್ತೆಂಬುದೂ, ಅವನ ಬಿಡುಗಡೆಗಾಗಿ ವಾಗ್ನರನು ರಚಿಸಿದ ಗೀತನಾಟಕವೊಂದು ಕಳೆದುಹೋಯಿತೆಂಬುದೂ ಉತ್ಪಾದ್ಯ.

ಮಿಶ್ರವಸ್ತು ಕವಿಗಳಿಗೆ ಹೊಸದಲ್ಲ. ಆದರೆ ನಾಟಕದ ಪ್ರೇಕ್ಷಕನು ಕವಿ ಹೇಳಿದುದನ್ನು ಕೇಳುತ್ತಾನೆ. ಇಲ್ಲಿ ಆಡುವವನು ತಾನೇ ಕಂಡುಹಿಡಿದೆನೆಂದು ನಂಬುತ್ತಾನೆ. ನಿಜವಾದ ಅರಮನೆಯ ಛಾಯಾಚಿತ್ರದೊಳಗೆ ನಡೆದು, ನಿಜವಾದ ಸಂಗತಿಗಳನ್ನು ಓದಿದ ಕೈಯಲ್ಲೇ ಕಲ್ಪಿತ ಪತ್ರವನ್ನು ತೆರೆಯುತ್ತಾನೆ. ಎರಡರ ನಡುವೆ ಗೆರೆ ಎಳೆದಿಲ್ಲ. ಕೇಳಿದ ಮಾತಿಗಿಂತ ಶೋಧಿಸಿದ ಮಾತಿಗೆ ಬಲ ಹೆಚ್ಚಾದುದರಿಂದ, ಈ ಬೆರಕೆ ನಾಟಕದ ಬೆರಕೆಗಿಂತ ಅಪಾಯಕರ. ಕರ್ತೃವಿನ ಮೇಲೆ ಹೊರಿಸಬಹುದಾದ ಮುಖ್ಯ ಆಕ್ಷೇಪ ಇದೇ.

ಈ ಆಕ್ಷೇಪಕ್ಕೆ ಉತ್ತರ ಆಟದೊಳಗೇ ಉಂಟು. ಮೃಗಾಲಯದ ತೋಳಗಳನ್ನು ನೋಡಬೇಕಾದ ಗೇಬ್ರಿಯಲ್, ಅಲ್ಲಿನ ವಿದ್ವಾಂಸನ ಮಾತನ್ನು ಧ್ವನಿಸುರುಳಿಯಲ್ಲಿ ಹಿಡಿದು, ತುಂಡರಿಸಿ, ಬೇಕಾದ ಪದಗಳನ್ನು ಜೋಡಿಸಿ, ಕಾವಲುಗಾರನಿಗೆ ವಿದ್ವಾಂಸನೇ ಅಪ್ಪಣೆ ಕೊಟ್ಟಂತೆ ಕೇಳಿಸುತ್ತಾನೆ. ಒಂದೊಂದು ಪದವೂ ನಿಜ. ವಾಕ್ಯ ಮಾತ್ರ ಸುಳ್ಳು. ಚರಿತ್ರೆಯೊಡನೆ ಜೆನ್ಸನ್ ಮಾಡಿರುವುದೂ ಇದನ್ನೇ. ಆ ಕತ್ತರಿಯನ್ನು ಆಡುವವನ ಕೈಗೇ ಕೊಟ್ಟಿರುವುದರಿಂದ, ಜಾಣನಾದವನಿಗೆ ಕಥೆಯ ರಚನಾಕ್ರಮವೇ ಅಲ್ಲಿ ಬಯಲಾಗುತ್ತದೆ. ದೊರೆಯ ಸಾವಿನ ಕಲ್ಪನೆಯು ದಾಖಲೆಗಳು ನಿರ್ಣಯ ನೀಡದ ಎಡೆಯಲ್ಲಿ ನಿಂತಿರುವುದೂ ಔಚಿತ್ಯವನ್ನು ಮೀರಿದುದಲ್ಲ. ಬರೆಯದ ಕೃತಿಯನ್ನು ವಾಗ್ನರನಿಗೆ ಆರೋಪಿಸಿದುದು ಮಾತ್ರ ಅದಕ್ಕಿಂತ ದೊಡ್ಡ ಸಾಹಸ.

ರಚನೆಯಲ್ಲಿ ದೋಷಗಳಿಲ್ಲದಿಲ್ಲ. ನಟರು ಬರಿಯ ನೀಲಿ ಪರದೆಯ ಮುಂದೆ ಅಭಿನಯಿಸಿ, ಹಿನ್ನೆಲೆಗೆ ಜರ್ಮನಿಯಲ್ಲಿ ತೆಗೆದ ಛಾಯಾಚಿತ್ರಗಳನ್ನು ಜೋಡಿಸಿರುವುದರಿಂದ, ಮನುಷ್ಯನೂ ಸ್ಥಳವೂ ಒಂದನ್ನೊಂದು ಮುಟ್ಟದೆ ಉಳಿಯುತ್ತವೆ. ಪ್ರತಿಯೊಂದು ಚಲನೆಯನ್ನೂ ಮುಂಚಿತವಾಗಿ ಚಿತ್ರೀಕರಿಸಬೇಕಾದುದರಿಂದ ಆಡುವವನ ಸ್ವಾತಂತ್ರ್ಯ ಕುಗ್ಗುತ್ತದೆ. ಗ್ರೇಸಳು ಸಂಗ್ರಹಾಲಯದ ಎಲ್ಲ ವಸ್ತುಗಳನ್ನೂ ನೋಡಿ ಮುಗಿಸದ ಹೊರತು ಕಥೆ ಮುಂದೆ ಸಾಗದೆಂಬ ನಿಯಮ ಶೋಧನೆಯನ್ನು ತಲೆಯೆಣಿಕೆಯ ಕೆಲಸವಾಗಿಸಿ ರಸಭಂಗಕ್ಕೆ ಕಾರಣವಾಗಿದೆ. ನಿಜವಾದ ಸಂಶೋಧಕನು ಬಿಡಬೇಕಾದುದನ್ನು ಬಿಡಲೂ ಬಲ್ಲವನು.

ಇಷ್ಟಾದರೂ ಕೊನೆಯ ಅಧ್ಯಾಯ ಈ ದೋಷಗಳನ್ನು ಮರೆಸುತ್ತದೆ. ಗ್ರೇಸ್ ಹುಡುಕಿ ಕೂಡಿಸಿದ ಗೀತನಾಟಕ ರಂಗಕ್ಕೆ ಬರುತ್ತದೆ. ರಾಬರ್ಟ್ ಹೋಮ್ಸ್ ಹೊಸದಾಗಿ ರಚಿಸಿದ ಆ ಸಂಗೀತವೇ ಮನುಷ್ಯವೇಷದ ತೋಳವನ್ನು ಹೊರಗೆಳೆಯುವ ಬಲೆಯಾಗುತ್ತದೆ. ಅಷ್ಟು ಹೊತ್ತು ಆಡಿದವನು ಅಲ್ಲಿ ಕೈಕಟ್ಟಿ ಕುಳಿತು ನೋಡುವವನಾಗುತ್ತಾನೆ. ‘ಆಟ’ದ ಎರಡು ಅರ್ಥಗಳೂ ಆ ಗಳಿಗೆಯಲ್ಲಿ ಒಂದಾಗುತ್ತವೆ.

ಕೃತಿಯ ತಾತ್ಪರ್ಯ ಇರುವುದು ತೋಳದಲ್ಲಲ್ಲ. ಹಿರಿಯರ ಮನೆಗೆ ಒಡೆಯನಾದ ಗೇಬ್ರಿಯಲ್‌ಗೆ ಹಿರಿಯರ ಭಾಷೆ ಬಾರದು. ವಂಶಕ್ಕೆ ಸೇರದ, ಕರೆಯದೆ ಬಂದ ಗ್ರೇಸ್ ಆ ಮನೆಯ ಕಾಗದಪತ್ರಗಳ ನಡುವೆ ಕುಳಿತು, ಅವನನ್ನು ಉಳಿಸುವ ಸಂಗತಿಯನ್ನು ಹೊರತೆಗೆಯುತ್ತಾಳೆ. ಪರಂಪರೆ ಹುಟ್ಟಿನಿಂದ ಬಂದರೂ ಶ್ರಮಿಸಿ ಓದಿದವರಿಗಷ್ಟೇ ಅದು ದಕ್ಕುತ್ತದೆಂಬ ಈ ಮಾತನ್ನು ನುಡಿಯದೆ ಆಡಿಸಿ ತೋರಿಸಿರುವುದೇ ಜೆನ್ಸನ್ನರ ಹಿರಿಮೆ.