ನೆರವೇರಿಕೆಯೋ, ರದ್ದತಿಯೋ? – ಒಡಂಬಡಿಕೆಯನ್ನು ಬೋಧಿಸುವ ನಮ್ಮ ರೀತಿಯ ವಿಮರ್ಶೆ

“ಹಳೆಯ ಒಡಂಬಡಿಕೆ ಮುಗಿಯಿತು, ಅದರ ಸ್ಥಾನಕ್ಕೆ ಹೊಸದು ಬಂದಿತು.” ನಮ್ಮ ಪ್ರಬೋಧನೆಗಳಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಯಾಜಕತ್ವದ ಮೊದಲ ವರ್ಷಗಳಲ್ಲಿ ನಾನೂ ಇದನ್ನು ನಿಸ್ಸಂಕೋಚವಾಗಿ ನುಡಿದಿದ್ದೇನೆ. ಆದರೆ ಅಬ್ರಹಾಮನಿಗೆ ಕೊಟ್ಟ ಮಾತನ್ನು ದೇವರು ಹಿಂತೆಗೆದುಕೊಂಡಿದ್ದರೆ, ಕ್ರಿಸ್ತನಲ್ಲಿ ನಮಗೆ ಕೊಟ್ಟ ಮಾತಿಗೆ ಭರವಸೆ ಏನು? ಪ್ರಶ್ನೆ ಯೆಹೂದ್ಯರನ್ನು ಕುರಿತದ್ದು ಮಾತ್ರವಲ್ಲ. ದೇವರ ಸತ್ಯಸಂಧತೆಯನ್ನು ಕುರಿತದ್ದು.

ತಪ್ಪಿನ ಒಂದು ಬೇರು ಪದದಲ್ಲಿಯೇ ಇದೆ. ‘ಒಡಂಬಡು’ ಎಂದರೆ ಸಮ್ಮತಿಸು. ಗೇಣಿ ಕರಾರನ್ನು ಕಂಡ ಮಲೆನಾಡಿನ ಕೇಳುಗನಿಗೆ ‘ಒಡಂಬಡಿಕೆ’ ಎಂದೊಡನೆ ಎರಡು ಪಕ್ಷಗಳು ನೆನಪಾಗುತ್ತವೆ: ಒಂದು ಪಕ್ಷ ತಪ್ಪಿದರೆ ಕರಾರು ಮುರಿಯಿತು, ಬೇರೊಬ್ಬರೊಡನೆ ಹೊಸ ಕರಾರು. ಹೀಬ್ರೂವಿನ ‘ಬೆರೀತ್’ ಪದಕ್ಕೆ ಸೆಪ್ಟುಅಜಿಂಟ್ ಅನುವಾದಕರು ಉಭಯಪಕ್ಷಗಳ ಕರಾರನ್ನು ಸೂಚಿಸುವ ‘ಸುನ್‌ಥೇಕೆ’ಯನ್ನು ಬಿಟ್ಟು, ಒಬ್ಬನೇ ಮಾಡುವ ಏರ್ಪಾಟನ್ನು, ಉಯಿಲನ್ನು ಸೂಚಿಸುವ ‘ದಿಯಥೇಕೆ’ಯನ್ನು ಆರಿಸಿಕೊಂಡರು. ಆದಿಕಾಂಡದ 15ನೇ ಅಧ್ಯಾಯದಲ್ಲಿ ಅಬ್ರಾಮನು ಗಾಢನಿದ್ರೆಯಲ್ಲಿದ್ದಾನೆ. ಸೀಳಿದ ಬಲಿಪಶುಗಳ ನಡುವೆ ಹಾದುಹೋಗುವುದು ಹೊಗೆಯಾಡುವ ಒಲೆ ಮತ್ತು ಉರಿಯುವ ಪಂಜು ಮಾತ್ರ. ವಚನದ ಭಾರವನ್ನು ದೇವರೊಬ್ಬರೇ ಹೊರುತ್ತಾರೆ. ಸೀನಾಯಿಯಲ್ಲಾದರೋ (ವಿಮೋಚನಕಾಂಡ 24) ಜನರು ಒಪ್ಪಿ ನುಡಿದ ಬಳಿಕವೇ ರಕ್ತವನ್ನು ಪ್ರೋಕ್ಷಿಸಲಾಗುತ್ತದೆ. ಆದುದರಿಂದ ನಮ್ಮ ಪದ ತಪ್ಪಲ್ಲ, ಅಪೂರ್ಣ. ಉಳಿದರ್ಧವನ್ನು ಬೋಧಕನು ತುಂಬಬೇಕು.

ಎರಡನೆಯ ಬೇರು, ‘ನಂತರ ಬಂದದ್ದೇ ಪ್ರಬಲ’ ಎಂಬ ನಮ್ಮ ಎಣಿಕೆ. ಶೃಂಗೇರಿಯ ಸಮೀಪದ ಮೆಣಸೆಯಲ್ಲಿ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಆವರಣವಿದೆ. ಅಂಥ ಶಾಸ್ತ್ರಾಧ್ಯಯನದ ಪರಂಪರೆಯಲ್ಲಿ ಮೀಮಾಂಸಕರು ಇದೇ ಎಣಿಕೆಯನ್ನು ಎರಡು ನ್ಯಾಯಗಳ ಮೂಲಕ ಪರೀಕ್ಷಿಸಿದ್ದಾರೆ. ಹಿಂದಿನ ಮತ್ತು ಮುಂದಿನ ವಿಧಿಗಳು ಪರಸ್ಪರ ನಿರಪೇಕ್ಷವಾಗಿದ್ದರೆ ಮುಂದಿನದು ಹಿಂದಿನದನ್ನು ಬಾಧಿಸುತ್ತದೆ. ಇದು ಅಪಚ್ಛೇದ ನ್ಯಾಯ. ಮುಂದಿನದು ಹಿಂದಿನದನ್ನು ಆಶ್ರಯಿಸಿಯೇ ಅರ್ಥ ಪಡೆಯುವುದಾದರೆ ಉಪಕ್ರಮವೇ ಪ್ರಬಲ. ಉಪಸಂಹಾರವನ್ನು ಅದರ ಬೆಳಕಿನಲ್ಲಿ ಓದಬೇಕು. ನಮ್ಮ ಪ್ರಬೋಧನೆಗಳು ತಿಳಿಯದೆಯೇ ಮೊದಲನೆಯದನ್ನು ಅನುಸರಿಸುತ್ತಿವೆ. ಸಂತ ಪೌಲರ ತರ್ಕವಾದರೋ ಎರಡನೆಯದಕ್ಕೆ ಸಮೀಪ: ನಾನೂರ ಮೂವತ್ತು ವರ್ಷಗಳ ಬಳಿಕ ಬಂದ ಧರ್ಮಶಾಸ್ತ್ರವು ದೇವರು ಮೊದಲೇ ಸ್ಥಿರಪಡಿಸಿದ ವಾಗ್ದಾನವನ್ನು ರದ್ದುಗೊಳಿಸಲಾರದು (ಗಲಾತ್ಯ 3:17).

ಇಬ್ರಿಯರಿಗೆ ಬರೆದ ಪತ್ರವು (8:13) ಮೊದಲನೆಯದನ್ನು ಹಳತಾದದ್ದೆಂದು ಕರೆಯುವುದಿಲ್ಲವೇ ಎಂಬ ಆಕ್ಷೇಪವನ್ನು ಬದಿಗೊತ್ತಲಾಗದು. ಆದರೆ ಅಲ್ಲಿ 7ರಿಂದ 10ನೇ ಅಧ್ಯಾಯದವರೆಗಿನ ಚರ್ಚೆ ಯಾಜಕತ್ವ ಮತ್ತು ಬಲಿಗಳ ವ್ಯವಸ್ಥೆಯನ್ನು ಕುರಿತದ್ದು. ಪತ್ರವು ಆಧಾರವಾಗಿಸಿಕೊಳ್ಳುವ ಯೆರೆಮೀಯನ ಪ್ರವಾದನೆಯಲ್ಲಿ (31:31-34) ಹೊಸ ಒಡಂಬಡಿಕೆ ಯಾರೊಡನೆ? ಇಸ್ರಯೇಲ್ ಮತ್ತು ಯೂದ ಮನೆತನಗಳೊಡನೆಯೇ. ಬದಲಾಗುವುದು ಧರ್ಮಶಾಸ್ತ್ರವನ್ನು ಬರೆಯುವ ಸ್ಥಳ: ಅದು ಇನ್ನು ಹೃದಯದಲ್ಲಿ ಬರೆಯಲ್ಪಡುತ್ತದೆ.

ನ್ಯಾಯಗಳ ಹೋಲಿಕೆಗೂ ಮಿತಿಯಿದೆ. ಕ್ರಿಸ್ತನು ಗ್ರಂಥವೊಂದರ ಕೊನೆಯ ವಾಕ್ಯವಲ್ಲ. ವಾಗ್ದಾನಗಳಿಗೆಲ್ಲ ‘ಹೌದು’ ಆಗಿರುವ ವ್ಯಕ್ತಿ (2 ಕೊರಿಂಥ 1:20). ಪುನರುತ್ಥಾನದ ಹೊಸತನವನ್ನು ಯಾವ ಉಪಕ್ರಮದಿಂದಲೂ ಊಹಿಸಿ ತೆಗೆಯಲಾಗದು. ಆದರೂ ಕಡೆಯ ಭೋಜನದಲ್ಲಿ ಪಾತ್ರೆಯನ್ನು ಹಿಡಿದು ಪ್ರಭು ನುಡಿದ ಮಾತು ಸೀನಾಯಿಯ ರಕ್ತದ ನೆನಪಿಲ್ಲದೆ ಅರ್ಥವಾಗುವುದಿಲ್ಲ. ನೆರವೇರಿಕೆ ಎಂದರೆ ಇದೇ: ಹಳೆಯ ಮಾತು ನಿರೀಕ್ಷೆಯನ್ನು ಮೀರಿ ನಿಜವಾಗುವುದು.

ಹೀಬ್ರೂ ಧರ್ಮಗ್ರಂಥವನ್ನು ತಳ್ಳಿಹಾಕಿದ ಮಾರ್ಸಿಯನ್‌ನನ್ನು ರೋಮಿನ ಧರ್ಮಸಭೆ 144ರಲ್ಲಿಯೇ ಹೊರಹಾಕಿತು. 1965ರ ಅಕ್ಟೋಬರ್ 28ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯ ‘ನೋಸ್ತ್ರ ಎತಾತೆ’ (4), ದೇವರ ವರದಾನಗಳೂ ಕರೆಯೂ ಹಿಂತೆಗೆಯಲ್ಪಡುವುದಿಲ್ಲವೆಂಬ ಪೌಲರ ಬೋಧನೆಯನ್ನು (ರೋಮ 11:29) ಆಧರಿಸಿ ಯೆಹೂದ್ಯರನ್ನು ಕುರಿತು ಮಾತನಾಡಿತು. 1980ರಲ್ಲಿ ಮೈಂಝ್ ನಗರದಲ್ಲಿ ಯೆಹೂದ್ಯ ಪ್ರತಿನಿಧಿಗಳೊಡನೆ ಮಾತನಾಡುತ್ತ ಪೋಪ್ ಎರಡನೇ ಜಾನ್ ಪೌಲರು ಹಳೆಯ ಒಡಂಬಡಿಕೆ ಎಂದೂ ರದ್ದಾಗಿಲ್ಲವೆಂದು ಹೇಳಿದರು; ಕಥೋಲಿಕ ಧರ್ಮೋಪದೇಶವೂ (121) ಇದನ್ನೇ ಬೋಧಿಸುತ್ತದೆ.

ಮೆಣಸಿಗೆ ಕಸಿ ಕಟ್ಟುವಾಗ ನಮ್ಮ ತೋಟಗಾರರು ಗಟ್ಟಿಯಾದ ಕಾಡುಜಾತಿಯ ಬುಡದ ಮೇಲೆ ಒಳ್ಳೆಯ ತಳಿಯ ಕುಡಿಯನ್ನು ಕೂಡಿಸುತ್ತಾರೆ. ರೋಮ 11ರಲ್ಲಿ ಪೌಲರು ಹೇಳುವುದು ಇದಕ್ಕೆ ವಿರುದ್ಧ: ಬೇರು ಒಳ್ಳೆಯ ಓಲಿವ್ ಮರದ್ದು, ಕಾಡುಕೊಂಬೆ ನಾವು. ಇದು ಪ್ರಕೃತಿಗೆ ವಿರುದ್ಧವೆಂದು ಅವರೇ ಒಪ್ಪುತ್ತಾರೆ. ಬೇರನ್ನು ಕಡಿದು ಕೊಂಬೆಯನ್ನು ಹೊಗಳುವ ಬೋಧಕನು ತಾನು ಕುಳಿತ ಕೊಂಬೆಯನ್ನೇ ಒಣಗಿಸುತ್ತಾನೆ. ಬರುವ ಭಾನುವಾರ ಮೊದಲನೆಯ ವಾಚನವನ್ನು ಶುಭಸಂದೇಶದ ಪೀಠಿಕೆಯೆಂದು ದಾಟಿಹೋಗದೆ, ಇಂದಿಗೂ ನಿಂತಿರುವ ದೇವರ ಮಾತೆಂದು ಬೋಧಿಸೋಣ. ಕೊಟ್ಟ ಮಾತಿಗೆ ತಪ್ಪದ ದೇವರನ್ನು ಸಾರುವುದೇ ನಮ್ಮ ಸೇವೆ.