ಗೌತಮೀ ಲುಬ್ಧಕೋಪಾಖ್ಯಾನ: ತಪ್ಪು ಯಾರದು?

ಒಂದು ಕೆಡುಕು ಸಂಭವಿಸಿದ ಕೂಡಲೆ ‘ಇದಕ್ಕೆ ಯಾರು ಕಾರಣರು?’ ಎಂದು ಕೇಳುವುದು ಮನುಷ್ಯಸ್ವಭಾವ. ಕೆಟ್ಟುದನ್ನು ಸರಿಪಡಿಸುವ ಯೋಚನೆಗಿಂತ ಮೊದಲು ಈ ಪ್ರಶ್ನೆಯೇ ನಾಲಗೆಗೆ ಬರುವುದು. ಇದನ್ನೇ ವಸ್ತುವಾಗಿ ಮಾಡಿಕೊಂಡ ಒಂದು ಚಿಕ್ಕ ಉಪಾಖ್ಯಾನವು ಮಹಾಭಾರತದ ಅನುಶಾಸನ ಪರ್ವದ ಮೊದಲನೆಯ ಅಧ್ಯಾಯದಲ್ಲಿದೆ. ನಮ್ಮ ನಾಡಿನಲ್ಲಿ ಅದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಗಮಕಿಗಳು ನಮ್ಮ ಮನೆಗಳಲ್ಲಿಯೂ ದೇವಾಲಯಗಳಲ್ಲಿಯೂ ವಾಚಿಸುವ ಕುಮಾರವ್ಯಾಸ ಭಾರತವು ಗದಾಪರ್ವದೊಡನೆ ಮುಗಿಯುವುದು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣಕವಿಯು ಕನ್ನಡಿಸಿ ಪೂರೈಸಿದನಾದರೂ, ಕುಮಾರವ್ಯಾಸನ ಕಾವ್ಯಕ್ಕೆ ದೊರೆತ ಕಿವಿಗಳು ಅವನ ಕಾವ್ಯಕ್ಕೆ ದೊರೆಯಲಿಲ್ಲ. ಪುಣೆಯ ಭಾಂಡಾರಕರ ಸಂಶೋಧನ ಮಂದಿರದವರು 1966ರಲ್ಲಿ ಮುಗಿಸಿದ ಪರಿಷ್ಕೃತ ಪಾಠದಲ್ಲಿಯೂ ಈ ಕಥೆ ಪರ್ವದ ಆರಂಭದಲ್ಲಿಯೇ ನಿಂತಿರುವುದರಿಂದ, ಇದನ್ನು ಯಾರೋ ಆಮೇಲೆ ಸೇರಿಸಿದ ಭಾಗವೆಂದು ತಳ್ಳಿಹಾಕುವಂತೆಯೂ ಇಲ್ಲ.

ಪಾಠಶಾಲೆಯಲ್ಲಿ ನಮಗೆ ಇದನ್ನು ಕರ್ಮಸಿದ್ಧಾಂತಕ್ಕೆ ದೃಷ್ಟಾಂತವೆಂದು ಹೇಳಿಕೊಟ್ಟರು. ನಾನೂ ನನ್ನ ವಿದ್ಯಾರ್ಥಿಗಳಿಗೆ ಬಹುಕಾಲ ಹಾಗೆಯೇ ಹೇಳಿದೆನು. ಈಗ ಬಿಡುವಿನ ಕಾಲದಲ್ಲಿ ಮೂಲವನ್ನು ಮತ್ತೆ ಮತ್ತೆ ಓದಿದಾಗ ಆ ವ್ಯಾಖ್ಯಾನವು ಕಥೆಯ ಅರ್ಧವನ್ನು ಮಾತ್ರ ಮುಟ್ಟುವುದೆಂದು ತೋರಿದೆ. ಅದನ್ನು ಸಹೃದಯರ ಮುಂದೆ ನಿವೇದಿಸುವುದೇ ಈ ಲೇಖನದ ಉದ್ದೇಶ.

ಮೊದಲು ಸಂದರ್ಭವನ್ನು ನೆನೆಯೋಣ. ಯುದ್ಧ ಮುಗಿದಿದೆ. ಭೀಷ್ಮನು ಶರಶಯ್ಯೆಯಲ್ಲಿ ಮಲಗಿದ್ದಾನೆ. ಶಾಂತಿಪರ್ವದ ಉದ್ದಕ್ಕೂ ಅವನಿಂದ ಧರ್ಮಗಳನ್ನು ಕೇಳಿದ ಯುಧಿಷ್ಠಿರನಿಗೆ ಶಾಂತಿಯು ಮಾತ್ರ ದೊರೆತಿಲ್ಲ. ರಕ್ತ ಸುರಿಯುತ್ತಿರುವ ಪಿತಾಮಹನ ಮೈಯನ್ನು ನೋಡಿ, ಇದಕ್ಕೆಲ್ಲ ನಾನೇ ಕಾರಣನೆಂದು ಅವನು ಕೊರಗುತ್ತಾನೆ; ಇದನ್ನು ಕಣ್ಣಾರೆ ನೋಡದೆ ಹೋದ ದುರ್ಯೋಧನನೇ ಭಾಗ್ಯಶಾಲಿಯೆನ್ನುವಷ್ಟು ಮಟ್ಟಿಗೆ ಆ ಕೊರಗು ಬೆಳೆದಿದೆ. ಇದಕ್ಕೆ ಉತ್ತರವಾಗಿ ಭೀಷ್ಮನು ಈ ಪುರಾತನ ಇತಿಹಾಸವನ್ನು ಹೇಳುತ್ತಾನೆ.

ಗೌತಮಿಯೆಂಬ ಶಾಂತಸ್ವಭಾವದ ವೃದ್ಧೆಯ ಮಗನು ಹಾವು ಕಚ್ಚಿ ಸತ್ತನು. ಅರ್ಜುನಕನೆಂಬ ವ್ಯಾಧನು ಆ ಹಾವನ್ನು ಹಿಡಿದು, ನರದ ಹುರಿಯಿಂದ ಕಟ್ಟಿ, ಅವಳ ಮುಂದೆ ತಂದು, ‘ಇದನ್ನು ಬೆಂಕಿಯಲ್ಲಿ ಹಾಕಲೋ, ತುಂಡುತುಂಡಾಗಿ ಕಡಿಯಲೋ?’ ಎಂದು ಕೇಳಿದನು. ಅವಳು ಬಿಟ್ಟುಬಿಡೆಂದಳು, ಇದನ್ನು ಕೊಂದರೆ ಸತ್ತ ಮಗನು ಬರುವುದಿಲ್ಲವೆಂದಳು. ವ್ಯಾಧನು ಒಪ್ಪಲಿಲ್ಲ. ಆಗ ಸರ್ಪವೇ ಮನುಷ್ಯವಾಣಿಯಲ್ಲಿ ಮಾತನಾಡಿತು: ತನ್ನನ್ನು ಮೃತ್ಯುವು ಪ್ರೇರಿಸಿದನು, ತಾನು ಕೋಪದಿಂದಲೂ ಕಚ್ಚಲಿಲ್ಲ, ಆಸೆಯಿಂದಲೂ ಕಚ್ಚಲಿಲ್ಲ, ಪಾಪವೇನಾದರೂ ಇದ್ದರೆ ಅದು ಮೃತ್ಯುವಿಗೆ ಸಲ್ಲತಕ್ಕದ್ದು. ಮೃತ್ಯುವು ಅಲ್ಲಿಗೆ ಬಂದು, ಗಾಳಿಯು ಮೋಡವನ್ನು ಅಟ್ಟುವಂತೆ ತನ್ನನ್ನು ಕಾಲನು ಅಟ್ಟುವನೆಂದನು. ಕಾಲನೂ ಬಂದು, ನಮ್ಮಲ್ಲಿ ಯಾರೂ ಕಾರಣರಲ್ಲ, ಈ ಬಾಲಕನು ತಾನೇ ಮಾಡಿದ ಕರ್ಮವೇ ಕಾರಣವೆಂದನು. ಅದನ್ನು ಕೇಳಿ ಗೌತಮಿಯು, ಮಗನು ತನ್ನ ಕರ್ಮದಿಂದ ಸತ್ತನು, ಮಗನನ್ನು ಕಳೆದುಕೊಳ್ಳುವಂಥ ಕರ್ಮವನ್ನು ನಾನೂ ಮಾಡಿದ್ದೆನು ಎಂದು ಹೇಳಿ ಹಾವನ್ನು ಬಿಡಿಸಿದಳು. ಎಲ್ಲರೂ ಬಂದ ದಾರಿಯಲ್ಲಿ ಹೋದರು.

ಈ ಸಂವಾದದಲ್ಲಿ ಮೊದಲು ಗಮನಿಸತಕ್ಕದ್ದು ವ್ಯಾಧನ ತರ್ಕ. ಅವನು ಕೇವಲ ಕೋಪಿಷ್ಠನಲ್ಲ. ಮಡಕೆಯಾಗುವುದಕ್ಕೆ ಕೋಲೂ ಚಕ್ರವೂ ಹೇಗೆ ಕಾರಣಗಳೋ ಹಾಗೆ ನೀನೂ ಈ ಮರಣಕ್ಕೆ ಕಾರಣ, ಆದುದರಿಂದ ವಧಾರ್ಹ ಎಂದು ಅವನು ಸರ್ಪಕ್ಕೆ ಹೇಳುತ್ತಾನೆ. ತರ್ಕಸಂಗ್ರಹವನ್ನು ಓದಿದ ಯಾವ ಬಾಲಕನಿಗೂ ಈ ಘಟದಂಡಗಳು ಹೊಸತಲ್ಲ. ದಂಡವು ಘಟಕ್ಕೆ ನಿಮಿತ್ತಕಾರಣ. ಆದರೆ ಮಡಕೆಯು ಸೊಟ್ಟಗಾದರೆ ಕೋಲನ್ನು ಶಿಕ್ಷಿಸುವ ಕುಂಬಾರನನ್ನು ಯಾರು ಕಂಡಿದ್ದಾರೆ? ಕಾರಣವಾಗಿರುವುದು ಬೇರೆ, ಅಪರಾಧಿಯಾಗಿರುವುದು ಬೇರೆ. ‘ಇದು ಹೇಗಾಯಿತು?’ ಎಂಬುದೂ ‘ಇದು ಯಾರ ತಪ್ಪು?’ ಎಂಬುದೂ ಎರಡು ಪ್ರಶ್ನೆಗಳು. ದುಃಖದ ವೇಳೆಯಲ್ಲಿ ನಾವು ಮೊದಲನೆಯದಕ್ಕೆ ದೊರೆತ ಉತ್ತರವನ್ನು ಎರಡನೆಯದಕ್ಕೆ ಅಂಟಿಸಿಬಿಡುವೆವು. ವ್ಯಾಧನು ಮಾಡಿದುದು ಇದನ್ನೇ.

ಸರ್ಪದ ಪ್ರತಿವಾದವು ವ್ಯಾಕರಣವನ್ನು ಆಶ್ರಯಿಸಿದೆಯೆಂದರೆ ತಪ್ಪಾಗಲಾರದು. ಪಾಣಿನಿಯು ಕರ್ತೃವನ್ನು ಸ್ವತಂತ್ರನೆಂದು ಲಕ್ಷಣಿಸಿ, ಅವನನ್ನು ಪ್ರೇರಿಸುವವನಿಗೂ ಕರ್ತೃತ್ವವನ್ನು ಕೊಟ್ಟಿದ್ದಾನೆ. ನಾನು ಅಸ್ವತಂತ್ರನು, ಪ್ರಯೋಜ್ಯನು. ಪ್ರಯೋಜಕನು ಬೇರೊಬ್ಬನು ಎಂಬುದು ಸರ್ಪದ ಮಾತಿನ ಸಾರ. ಕನ್ನಡದಲ್ಲಿಯಾದರೆ ಒಂದು ‘ಇಸು’ ಪ್ರತ್ಯಯವೇ ಸಾಕು: ಹಾವು ಕಚ್ಚಿತು, ಮೃತ್ಯುವು ಕಚ್ಚಿಸಿದನು. ನಮ್ಮ ಮನೆಗಳ ಮಾತಿನಲ್ಲಿ ಈ ವ್ಯಾಕರಣವು ದಿನವೂ ನಡೆಯುತ್ತಿದೆ. ಗಾಜಿನ ಲೋಟವು ನಮ್ಮ ಕೈಯಿಂದ ಜಾರಿದರೆ ‘ಲೋಟ ಒಡೆದುಹೋಯಿತು’ ಎನ್ನುವೆವು. ಮಗುವಿನ ಕೈಯಿಂದ ಜಾರಿದರೆ ‘ಲೋಟ ಒಡೆದುಹಾಕಿದ’ ಎನ್ನುವೆವು. ನಮ್ಮ ವಿಷಯದಲ್ಲಿ ಕ್ರಿಯೆಗೆ ಕರ್ತೃವೇ ಇಲ್ಲ. ಮಗುವಿನ ವಿಷಯದಲ್ಲಿ ಪೂರ್ಣ ಸ್ವತಂತ್ರನಾದ ಕರ್ತೃವುಂಟು.

ಇನ್ನು ಕಥೆಯ ನಡುವೆ ಸರ್ಪವು ಆಡುವ ಒಂದು ಮಾತನ್ನು ವಿಶೇಷವಾಗಿ ನೋಡಬೇಕು. ಮೃತ್ಯುವು ಕಾಲನ ಹೆಸರನ್ನು ಹೇಳಿದಾಗ ಸರ್ಪವು ಅವನೊಡನೆ ವಾದಿಸುವುದಿಲ್ಲ. ನೀನು ದೋಷಿಯೋ ನಿರ್ದೋಷಿಯೋ ನಾನು ಹೇಳಲಾರೆ. ಕಾಲನಲ್ಲಿ ದೋಷವುಂಟೋ ಇಲ್ಲವೋ ಅದನ್ನು ಪರೀಕ್ಷಿಸುವುದು ನನ್ನ ಕೆಲಸವಲ್ಲ. ನನ್ನ ಮೇಲಿನ ದೋಷವು ಕಳೆದರೆ ನನಗೆ ಸಾಕು ಎಂಬ ಅರ್ಥದ ಮಾತನ್ನು ಅದು ಆಡುತ್ತದೆ. ಇಷ್ಟು ಪ್ರಾಮಾಣಿಕವಾದ ಮಾತು ಈ ವಾದದಲ್ಲಿ ಇನ್ನೊಂದಿಲ್ಲ. ಸತ್ಯವನ್ನು ಹುಡುಕುವವರಂತೆ ನಾವು ಕಾರಣಗಳ ಸರಪಣಿಯನ್ನು ಹಿಂದೆ ಹಿಂದೆ ಎಳೆಯುವೆವು. ವಾಸ್ತವವಾಗಿ ನಮ್ಮ ಕೊರಳಿನ ಹುರಿಯು ಸಡಿಲವಾಗುವಷ್ಟು ದೂರ ಎಳೆದು ಅಲ್ಲಿಗೆ ನಿಲ್ಲಿಸುವೆವು. ಸರ್ಪವು ಮೃತ್ಯುವಿನಲ್ಲಿ ನಿಲ್ಲಿಸಿತು. ಮೃತ್ಯುವು ಕಾಲನಲ್ಲಿ ನಿಲ್ಲಿಸಿದನು. ಕಾಲನು ಎಲ್ಲಿ ನಿಲ್ಲಿಸಿದನು? ಅಲ್ಲಿದ್ದವರಲ್ಲಿ ಬಾಯಿಲ್ಲದವನು ಒಬ್ಬನೇ ಇದ್ದನು, ನೆಲದ ಮೇಲೆ ಮಲಗಿದ್ದ ಆ ಬಾಲಕ. ತಪ್ಪು ಕೊನೆಗೆ ಅವನ ಮೇಲೆ ಹೋಗಿ ಕುಳಿತಿತು.

ಕಾಲನ ವಚನವು ಶಾಸ್ತ್ರವಿರುದ್ಧವೆಂದು ನಾನು ಹೇಳುವುದಿಲ್ಲ. ಕರ್ಮಸಿದ್ಧಾಂತದಲ್ಲಿ ನನಗೆ ಶ್ರದ್ಧೆಯುಂಟು. ಆದರೆ ಸಿದ್ಧಾಂತವು ನಿಜವಾದ ಮಾತ್ರಕ್ಕೆ ಅದನ್ನು ಯಾರು ಬೇಕಾದರೂ ಯಾವ ಪ್ರಯೋಜನಕ್ಕೆ ಬೇಕಾದರೂ ಆಡಬಹುದೆ? ಈ ಸಂದೇಹವು ಗ್ರಂಥದಿಂದ ಹುಟ್ಟಿದುದಲ್ಲ; ಅದರ ಮೂಲವನ್ನು ಮರೆಮಾಚದೆ ಹೇಳುತ್ತೇನೆ.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಉಪಾಧ್ಯಾಯನಾಗಿದ್ದವನು. ಪರೀಕ್ಷೆಯ ಫಲಿತಾಂಶವು ಬಂದ ದಿನ ಶಾಲೆಯಲ್ಲಿ ನಡೆಯುವುದು ಈ ಉಪಾಖ್ಯಾನವೇ. ಪೋಷಕರು ಹತ್ತನೆಯ ತರಗತಿಯ ಉಪಾಧ್ಯಾಯನನ್ನು ಕೇಳುವರು. ಅವನು, ಹುಡುಗರು ಎಂಟನೆಯ ತರಗತಿಗೇ ಅಡಿಪಾಯವಿಲ್ಲದೆ ಬಂದರೆ ನಾನೇನು ಮಾಡಲಿ ಎನ್ನುವನು. ಆ ತರಗತಿಯವನು ಪ್ರಾಥಮಿಕ ಶಾಲೆಯತ್ತ ಕೈ ತೋರಿಸುವನು; ಪ್ರಾಥಮಿಕ ಶಾಲೆಯವನು ಮನೆಯತ್ತ ತೋರಿಸುವನು. ಮನೆಯವರು ಹಣೆಯನ್ನು ಮುಟ್ಟಿಕೊಂಡು ‘ಅವನ ಹಣೆಬರಹ’ ಎನ್ನುವರು. ಹುಡುಗನು ಬಾಗಿಲ ಮರೆಯಲ್ಲಿ ನಿಂತಿರುವನು. ಒಬ್ಬ ಹುಡುಗನ ಹೆಸರಿನ ಮುಂದೆ ನಾನು ಎರಡು ವರ್ಷ ‘ಮಂದಮತಿ, ಪಾಠದಲ್ಲಿ ಲಕ್ಷ್ಯವಿಲ್ಲ’ ಎಂದು ಬರೆದೆನು. ಮೂರನೆಯ ವರ್ಷ ಊರಿಗೆ ಬಂದ ನೇತ್ರವೈದ್ಯರೊಬ್ಬರು ಮಕ್ಕಳ ಕಣ್ಣುಗಳನ್ನು ಪರೀಕ್ಷಿಸಿ, ಇವನಿಗೆ ಹಿಂದಿನ ಸಾಲಿನಿಂದ ಕಪ್ಪುಹಲಗೆಯ ಅಕ್ಷರವೇ ಕಾಣದೆಂದರು. ಕನ್ನಡಕ ಬಂದ ಮೇಲೆ ಅವನು ಇತರರಿಗೆ ಸಮನಾಗಿ ಓದಿದನು. ಆ ಎರಡು ವರ್ಷಗಳಲ್ಲಿ ಒಂದು ದಿನವಾದರೂ ‘ಮಗು, ನಿನಗೆ ಹಲಗೆ ಕಾಣಿಸುವುದೆ?’ ಎಂದು ನಾನು ಕೇಳಿರಲಿಲ್ಲ. ಕಾಲನ ಪೀಠದಲ್ಲಿ ಕುಳಿತು ನಾನು ತೀರ್ಪು ಬರೆದಿದ್ದೆನು. ಆ ತೀರ್ಪಿನಿಂದ ಪಾರಾದವನೂ ನಾನೇ.

ಆದುದರಿಂದ ಈಗ ಗೌತಮಿಯ ಪಾತ್ರವನ್ನು ಬೇರೆ ದೃಷ್ಟಿಯಿಂದ ನೋಡಬೇಕಾಗಿದೆ. ಕಥೆಯ ಅನುಕ್ರಮವನ್ನು ವಾಚಕರು ಲಕ್ಷ್ಯವಿಟ್ಟು ಗಮನಿಸಬೇಕು. ಗೌತಮಿಯು ಬಿಟ್ಟುಬಿಡೆಂದು ಹೇಳಿದುದು ಮೊದಲು. ಸರ್ಪ, ಮೃತ್ಯು, ಕಾಲರ ವಾದಗಳು ಬಂದುದು ಅನಂತರ. ಸರ್ಪವು ನಿರ್ದೋಷಿಯೆಂದು ಸಿದ್ಧವಾದುದರಿಂದ ಅವಳು ಕ್ಷಮಿಸಿದಳೆಂಬ ಅರ್ಥವು ಹೊರಡುವುದೇ ಇಲ್ಲ. ವಾದವೆಲ್ಲವೂ ವ್ಯಾಧನಿಗೆ ಬೇಕಾಗಿತ್ತು, ತಾಯಿಗೆ ಬೇಕಾಗಿರಲಿಲ್ಲ. ಎಲ್ಲರಿಗಿಂತ ಹೆಚ್ಚಾಗಿ ಕಳೆದುಕೊಂಡವಳು ಅವಳು; ಎಲ್ಲರಿಗಿಂತ ಕಡಿಮೆ ಆರೋಪಿಸಿದವಳೂ ಅವಳೇ. ಮಗನನ್ನು ಕಳೆದುಕೊಳ್ಳದ ವ್ಯಾಧನಿಗೆ ಅಷ್ಟು ಆವೇಶವೇಕೆಂದು ಕೇಳಬಹುದು. ಪರರ ದುಃಖಕ್ಕೆ ನ್ಯಾಯ ಹೇಳಲು ಬಂದವರ ಕೋಪವು ದುಃಖಿತರ ಕೋಪವನ್ನು ಮೀರುವುದನ್ನು ನಾವು ಎಷ್ಟು ಸಲ ಕಂಡಿಲ್ಲ!

ಎರಡನೆಯದು, ಕೊನೆಯಲ್ಲಿ ಅವಳು ಆಡಿದ ಮಾತು. ಕಾಲನು ಬಾಲಕನೊಬ್ಬನನ್ನೇ ಹೆಸರಿಸಿದ್ದನು. ಅವಳು ತನ್ನನ್ನೂ ಸೇರಿಸಿಕೊಂಡಳು. ಸರ್ಪದಿಂದ ಕಾಲನವರೆಗೆ ಎಲ್ಲರೂ ಭಾರವನ್ನು ತಮ್ಮಿಂದ ಆಚೆಗೆ ಸರಿಸಿದರು. ಅದನ್ನು ತನ್ನೆಡೆಗೆ ಎಳೆದುಕೊಂಡವಳು ಅವಳೊಬ್ಬಳೇ. ಸತ್ತ ಮಗನೊಬ್ಬನ ಮೇಲೆಯೇ ಅಷ್ಟು ಭಾರವನ್ನು ಬಿಟ್ಟು ಹೋಗಲು ಆ ತಾಯಿಗೆ ಮನಸ್ಸು ಬರಲಿಲ್ಲವೆಂದು ನಾನು ಭಾವಿಸುತ್ತೇನೆ.

ಇಲ್ಲಿ ಒಂದು ನ್ಯೂನತೆಯನ್ನೂ ಹೇಳದಿದ್ದರೆ ವಿಮರ್ಶೆಯು ಪಕ್ಷಪಾತವಾದೀತು. ಈ ಒಂದು ಹಾವನ್ನು ಕೊಂದರೆ ಅನೇಕರು ಉಳಿಯುವರೆಂದು ವ್ಯಾಧನು ಹೇಳಿದುದಕ್ಕೆ ಗೌತಮಿಯು ಕೊಡುವ ಉತ್ತರವು ಪೂರ್ಣ ಸಮಾಧಾನಕರವಲ್ಲ. ಮುಂದಿನವರ ರಕ್ಷಣೆಯೂ ಹಿಂದಿನದಕ್ಕೆ ದಂಡನೆಯೂ ಬೇರೆ ಬೇರೆ ಎಂಬುದನ್ನು ಕವಿಯು ಬಿಡಿಸಿ ಹೇಳಿದ್ದರೆ ಚೆನ್ನಾಗಿತ್ತು.

ಹಾಗಾದರೆ ಎಲ್ಲವನ್ನೂ ಕಾಲನ ತಲೆಗೆ ಕಟ್ಟಿ ನಿಶ್ಚಿಂತರಾಗಬಹುದೆ? ಮಹಾಭಾರತವೇ ಅದನ್ನು ಒಪ್ಪುವುದಿಲ್ಲ. ಧೃತರಾಷ್ಟ್ರನು ಯುದ್ಧದ ವಾರ್ತೆಗಳನ್ನು ಕೇಳುತ್ತ ಪದೇ ಪದೇ ದೈವವನ್ನು ಮುಂದಿಡುವನು. ದ್ಯೂತದ ದಿನ ‘ಗೆದ್ದಿತೆ, ಗೆದ್ದಿತೆ’ ಎಂದು ಹರ್ಷದಿಂದ ಕೇಳುತ್ತಿದ್ದವನು ಇವನೇ. ಸಂಜಯನು ಅವನನ್ನು ಸಂತೈಸುವುದಿಲ್ಲ. ಇದು ನಿನ್ನ ಅಪರಾಧವೆಂದು ಮುಖಕ್ಕೆ ಹೇಳಿ, ನಿನ್ನ ವಿಲಾಪವು ನೀರು ಹರಿದುಹೋದ ಮೇಲೆ ಕಟ್ಟೆ ಹಾಕಿದಂತೆ ವ್ಯರ್ಥವೆನ್ನುವನು. ಇನ್ನೂ ಆಶ್ಚರ್ಯವೆಂದರೆ, ಅನುಶಾಸನದಲ್ಲಿ ‘ಕಾಲನು ಮಾಡಿದನು’ ಎನ್ನುವ ಭೀಷ್ಮನೇ ಹಿಂದಿನ ಶಾಂತಿಪರ್ವದಲ್ಲಿ, ಕಾಲವು ರಾಜನಿಗೆ ಕಾರಣವೋ ರಾಜನು ಕಾಲಕ್ಕೆ ಕಾರಣನೋ ಎಂಬ ಸಂಶಯ ನಿನಗೆ ಬೇಡ, ರಾಜನೇ ಕಾಲಕ್ಕೆ ಕಾರಣನೆಂದು ಇದೇ ಯುಧಿಷ್ಠಿರನಿಗೆ ಬೋಧಿಸಿದ್ದಾನೆ.

ಇದನ್ನು ಪೂರ್ವಾಪರವಿರೋಧವೆಂದು ಎಣಿಸುವವರು ಉಂಟು. ನನಗೆ ಹಾಗೆ ತೋರುವುದಿಲ್ಲ. ಜ್ವರಕ್ಕೂ ಶೀತಕ್ಕೂ ವೈದ್ಯನು ಒಂದೇ ಕಷಾಯವನ್ನು ಕೊಡುವನೆ? ರಾಜ್ಯವನ್ನು ಆಳಹೊರಟವನಿಗೆ ‘ನೀನೇ ಕಾರಣ’ ಎನ್ನಬೇಕು. ಕೊರಗಿ ಕುಗ್ಗಿದವನಿಗೆ ‘ನೀನೊಬ್ಬನೇ ಅಲ್ಲ’ ಎನ್ನಬೇಕು. ಕಾಲನ ಹೆಸರನ್ನು ಇನ್ನೊಬ್ಬರ ಸಮಾಧಾನಕ್ಕಾಗಿ ಹೇಳಬಹುದು. ತನ್ನ ಬಿಡುಗಡೆಗಾಗಿ ಹೇಳಿಕೊಳ್ಳಬಾರದು. ಧೃತರಾಷ್ಟ್ರನು ತನಗಾಗಿ ಹೇಳಿಕೊಂಡನು. ಗೌತಮಿಯು ಸರ್ಪಕ್ಕಾಗಿ ಹೇಳಿದಳು.

ಭೀಷ್ಮನ ವಿಷಯವೇನು? ದ್ರೌಪದಿಯು ಸಭೆಯಲ್ಲಿ ಪ್ರಶ್ನೆ ಕೇಳಿದಾಗ, ಧರ್ಮವು ಸೂಕ್ಷ್ಮವೆಂದು ಹೇಳಿ ನಿರ್ಣಯವನ್ನು ಕೊಡಲಾರದೆ ಹೋದವನು ಅವನು. ಎಲ್ಲರನ್ನೂ ಬಿಡಿಸುವ ಈ ಕಥೆಯಿಂದ ಅವನೂ ಬಿಡುಗಡೆ ಹೊಂದಲಿಲ್ಲವೆ ಎಂಬ ಸಂಶಯವು ಒಮ್ಮೆ ನನಗೆ ಬಂದಿತು. ಆದರೆ ಕಥೆಯ ಕೊನೆಯಲ್ಲಿ ಅವನು ಹೇಳುವುದನ್ನು ನೋಡಿದೆನು. ಇದನ್ನು ಮಾಡಿದವನು ನೀನಲ್ಲ, ದುರ್ಯೋಧನನೂ ಅಲ್ಲ ಎನ್ನುವನು. ತನ್ನ ಶತ್ರುಪಕ್ಷದವನನ್ನೂ ಸ್ವಪಕ್ಷದವನನ್ನೂ ಬಿಡಿಸಿದ ಆ ವೃದ್ಧನು ‘ನಾನಲ್ಲ’ ಎಂಬ ಮೂರನೆಯ ಮಾತನ್ನು ಅಲ್ಲಿ ಸೇರಿಸಲಿಲ್ಲ.

ಮನೆಯಲ್ಲಿ ಏನಾದರೂ ಕೆಟ್ಟಾಗ, ಮಗುವು ಬಾಗಿಲ ಮರೆಯಲ್ಲಿ ನಿಂತಿರುವಾಗ, ಈ ಅಧ್ಯಾಯವನ್ನು ನೆನೆಯುವುದು ಒಳ್ಳೆಯದು. ವಾಚಕರು ಮೂಲವನ್ನೇ ಒಮ್ಮೆ ಓದಿ, ನನ್ನ ಅಭಿಪ್ರಾಯದಲ್ಲಿ ತಪ್ಪಿದ್ದರೆ ತಿದ್ದಬೇಕೆಂದು ಪ್ರಾರ್ಥನೆ. ಆ ಹುಡುಗನ ಹೆಸರಿನ ಮುಂದೆ ನಾನು ಬರೆದುದನ್ನು ತಿದ್ದುವ ಅವಕಾಶ ಮಾತ್ರ ನನಗೆ ಈಗ ಉಳಿದಿಲ್ಲ.