ಶ್ರೀಮತಿ ಮಾಯಾ ರಾವ್ ಅವರ ನೃತ್ಯಸಂಯೋಜನೆ: ಕರ್ತೃತ್ವವಿಚಾರ

ಕಾವ್ಯಕ್ಕೆ ಕವಿಯು ಕರ್ತೃ. ಗೇಯಕ್ಕೆ ವಾಗ್ಗೇಯಕಾರನು ಕರ್ತೃ. ನೃತ್ಯಕ್ಕೆ ಕರ್ತೃವಾರು? ನರ್ತಿಸುವವನೆ, ಕಲಿಸಿದ ಗುರುವೆ, ಅಥವಾ ಹತ್ತಿಪ್ಪತ್ತು ಮಂದಿ ನರ್ತಕರ ಗತಿಸ್ಥಾನಗಳನ್ನು ಮೊದಲೇ ಮನಸ್ಸಿನಲ್ಲಿ ಕಂಡು ಬಳಿಕ ರಂಗದ ಮೇಲೆ ನಿಲ್ಲಿಸುವ ಮೂರನೆಯವನೆ? ಈ ಮೂರನೆಯವನನ್ನು ಲೋಕವು ನೃತ್ಯಸಂಯೋಜಕನೆಂದು ಕರೆಯುತ್ತದೆ. ಕನ್ನಡನಾಡಿನ ಪಂಡಿತವರ್ಗವು ಇವನನ್ನು ರಂಗದ ಹಿಂದಿನ ಕೆಲಸಗಾರರಲ್ಲಿ ಒಬ್ಬನೆಂದು ಎಣಿಸಿತೇ ಹೊರತು ಕೃತಿಕಾರನೆಂದು ಎಣಿಸಲಿಲ್ಲ. ಶ್ರೀಮತಿ ಮಾಯಾ ರಾವ್ ಅವರ ಜೀವಿತಕಾರ್ಯವನ್ನು ಪರಿಶೀಲಿಸಿದರೆ ಈ ಎಣಿಕೆ ನಿಲ್ಲುವಂತೆ ತೋರುವುದಿಲ್ಲ.

ಮಾಯಾ ರಾವ್ ಅವರು 1928ರ ಮೇ 2ರಂದು ಜನಿಸಿದರು. ಬೆಂಗಳೂರಿನಲ್ಲಿ ಬಾಲ್ಯದಲ್ಲಿಯೇ ಜಯಪುರ ಪದ್ಧತಿಯ ಸೋಹನಲಾಲರಿಂದ ಕಥಕ್ ಕಲಿಯತೊಡಗಿ, ಮುಂದೆ ಅದೇ ಪದ್ಧತಿಯ ಸುಂದರಪ್ರಸಾದರಲ್ಲಿಯೂ, ಆಮೇಲೆ ದೆಹಲಿಯ ಭಾರತೀಯ ಕಲಾಕೇಂದ್ರದಲ್ಲಿ ಲಖನೌ ಪದ್ಧತಿಯ ಶಂಭು ಮಹಾರಾಜರಲ್ಲಿಯೂ ಶಿಷ್ಯವೃತ್ತಿ ಮಾಡಿದರು. ದಕ್ಷಿಣದ ಹೆಣ್ಣುಮಗಳೊಬ್ಬಳು ಉತ್ತರದ ನರ್ತನವನ್ನು ಹಿಡಿದುದು ಆ ಕಾಲದಲ್ಲಿ ಅನೇಕರಿಗೆ ವಿಚಿತ್ರವಾಗಿ ಕಂಡಿದ್ದಿರಬಹುದು. ಆದರೆ ಈ ಮಾರ್ಗದಲ್ಲಿ ಕನ್ನಡಿಗರ ಹೆಜ್ಜೆಗುರುತು ಮೊದಲೇ ಇದ್ದಿತು. ಶಿವಗಂಗೆಯ ಸಮೀಪದ ಸಾತನೂರಿನ ಪುಂಡರೀಕವಿಠ್ಠಲನು 16ನೆಯ ಶತಮಾನದಲ್ಲಿ ಉತ್ತರದೇಶಕ್ಕೆ ಹೋಗಿ ರಾಜಾಶ್ರಯವನ್ನು ಪಡೆದು 'ನರ್ತನನಿರ್ಣಯ'ವನ್ನು ರಚಿಸಿದನಷ್ಟೆ. ಮೈಸೂರಿನ ಡಾ. ರಾ. ಸತ್ಯನಾರಾಯಣರು ಸಂಪಾದಿಸಿದ ಈ ಗ್ರಂಥದಲ್ಲಿ ನರ್ತನವು ಬಂಧವೆಂದೂ ಅನಿಬಂಧವೆಂದೂ ಎರಡಾಗಿ ವಿಂಗಡವಾಗಿದೆ: ನಿಯಮಗಳಿಂದ ಕಟ್ಟಲ್ಪಟ್ಟುದು ಒಂದು, ಆ ಕಟ್ಟಿನಿಂದ ಬಿಡುಗಡೆಯಾದುದು ಇನ್ನೊಂದು. ಗ್ರಂಥಕಾರನ ಅಭಿಪ್ರಾಯವನ್ನು ತುಸು ವಿಸ್ತರಿಸಿಕೊಂಡರೆ ಪ್ರಕೃತ ವಿಷಯದ ಮರ್ಮವು ಈ ಎರಡು ಶಬ್ದಗಳಲ್ಲಿಯೇ ದೊರೆಯುತ್ತದೆ.

ಕಥಕ್ ನೃತ್ಯದ ಜೀವಾಳವಿರುವುದು 'ಉಪಜ್' ಎಂಬ ತತ್ಕಾಲಸ್ಫೂರ್ತಿಯಲ್ಲಿ. ತಬಲಾ ಅಥವಾ ಪಖಾವಜಿನೊಡನೆ ಒಬ್ಬನೇ ನರ್ತಕನು ತಾಳದ ಆವರ್ತದೊಳಗೆ ಸಂಚರಿಸುತ್ತ, ಎಲ್ಲಿಯೋ ತಪ್ಪಿಹೋದನೆಂಬ ಶಂಕೆಯನ್ನು ಹುಟ್ಟಿಸಿ, ಕೊನೆಗೆ 'ಸಮ'ದ ಮೇಲೆ ಬಂದು ನಿಲ್ಲುವಾಗ ಸಭೆಯು ತಲೆದೂಗುತ್ತದೆ. ಶಂಭು ಮಹಾರಾಜರಂತೂ ಭಾವಪ್ರದರ್ಶನದಲ್ಲಿ ಅದ್ವಿತೀಯರು. ಠುಮರಿಯ ಒಂದೇ ಸಾಲನ್ನು ಹಿಡಿದು, ಕುಳಿತಲ್ಲಿಯೇ, ಒಮ್ಮೆ ಮಾಡಿದುದನ್ನು ಮತ್ತೊಮ್ಮೆ ಮಾಡದೆ ಅಭಿನಯಿಸಬಲ್ಲವರೆಂದು ಖ್ಯಾತರಾಗಿದ್ದರು. ಅಂಥ ಗುರುವಿನ ಶಿಷ್ಯೆಯೇ ಮುಂದೆ ಸಮೂಹನೃತ್ಯದ ಸಂಯೋಜನೆಗೆ ಕೈಹಾಕಿದರು ಎಂಬುದು ಸೋಜಿಗದ ಸಂಗತಿ. ಇಪ್ಪತ್ತು ಮಂದಿ ಏಕಕಾಲದಲ್ಲಿ ಉಪಜ್ ಮಾಡಿದರೆ ಅದು ನೃತ್ಯವಾಗದು, ಸಂತೆಯಾದೀತು. ಸಮೂಹವು ಬಂಧವನ್ನು ಬೇಡುತ್ತದೆ.

ಆ ಬಂಧವಿದ್ಯೆಯನ್ನು ಅರಸಿ ಅವರು 1960ರಲ್ಲಿ ವಿದ್ಯಾರ್ಥಿವೇತನವನ್ನು ಪಡೆದು ಮಾಸ್ಕೋ ನಗರದ ರಾಜ್ಯ ನಾಟ್ಯಕಲಾ ಸಂಸ್ಥೆಗೆ ತೆರಳಿದರು. ಅಲ್ಲಿ ಆಚಾರ್ಯರಾಗಿದ್ದವರು ರೊಸ್ತಿಸ್ಲಾವ್ ಜಖಾರೊವ್. ಪುಷ್ಕಿನ್ ಕವಿಯ ಕಥನಕಾವ್ಯವೊಂದನ್ನು ಆಧರಿಸಿ 1934ರಲ್ಲಿ 'ಬಖ್ಚಿಸರಾಯ್ ಕಾರಂಜಿ' ಎಂಬ ನೃತ್ಯರೂಪಕವನ್ನು ರಂಗಕ್ಕೆ ತಂದವರು ಇವರೇ. ಪಾತ್ರಕ್ಕೂ ಕಥೆಗೂ ಒದಗದ ಹೆಜ್ಜೆಯು ಬರಿಯ ಅಲಂಕಾರ ಎಂಬುದು ಆ ಪಂಥದ ನಿಲುವು. ವಸ್ತು, ನೇತೃ, ರಸ ಎಂಬ ಮೂರರಿಂದ ರೂಪಕಗಳನ್ನು ವಿಂಗಡಿಸಿದ ಧನಂಜಯನ ಓದುಗರಿಗೆ ಇದು ಹೊಸದೆನಿಸದು. ಹೀಗೆ ಒಬ್ಬರೇ ಕಲಾವಿದೆಯಲ್ಲಿ ಎರಡು ವಿರುದ್ಧ ಶಿಕ್ಷಣಗಳು ಸೇರಿದುವು: ಕ್ಷಣದ ಸ್ಫೂರ್ತಿಯನ್ನೇ ನಂಬಿದ ಲಖನೌದ ಗುರು, ಮೊದಲೇ ಎಲ್ಲವನ್ನೂ ನಿರ್ಣಯಿಸುವ ಮಾಸ್ಕೋದ ಗುರು.

ಇಲ್ಲಿ ಪೂರ್ವಪಕ್ಷವೊಂದುಂಟು. ಸಮೂಹಸಂಯೋಜನೆಯು ಪರದೇಶದ ವಿದ್ಯೆ. ಏಕಾಕಿಯಾದ ಭಾರತೀಯ ನರ್ತನಕ್ಕೆ ಅದನ್ನು ಹಚ್ಚುವುದು ಅನುಚಿತ ಎಂಬುದು. ಇದಕ್ಕೆ ಭರತನೇ ಉತ್ತರ ಕೊಡುತ್ತಾನೆ. ನಾಟ್ಯಶಾಸ್ತ್ರದ ನಾಲ್ಕನೆಯ ಅಧ್ಯಾಯದಲ್ಲಿ 108 ಕರಣಗಳ ಮತ್ತು 32 ಅಂಗಹಾರಗಳ ಜತೆಯಲ್ಲಿ ಪಿಂಡೀಬಂಧಗಳು ಉಕ್ತವಾಗಿವೆ. ಪಿಂಡೀ, ಶೃಂಖಲಿಕಾ, ಲತಾಬಂಧ, ಭೇದ್ಯಕ ಎಂದು ಅವುಗಳ ಭೇದಗಳು. ಗುಂಪು ಮುದ್ದೆಗೂಡುವುದು, ಸರಪಳಿಯಾಗುವುದು, ಬಳ್ಳಿಯಂತೆ ಹೆಣೆದುಕೊಳ್ಳುವುದು, ಬೇರ್ಪಡುವುದು ಇವಿಷ್ಟೂ ಅಲ್ಲಿ ಸೂಚಿತ. ಶಾಸ್ತ್ರವನ್ನು ಬಿಟ್ಟು ಲೋಕವನ್ನು ನೋಡಿದರೂ ಆಯಿತು: ಚಳ್ಳಕೆರೆ ಮೊಳಕಾಲ್ಮೂರು ಸೀಮೆಯ ಕುದಾಪುರದಂಥ ಊರಿನ ಅಧ್ಯಾಪಕನಿಗೆ ಕೋಲಾಟವನ್ನು ವಿವರಿಸಬೇಕಾದುದಿಲ್ಲ. ಅಲ್ಲಿ ಒಬ್ಬೊಬ್ಬನ ಅಭಿನಯಕ್ಕೆ ಬೆಲೆಯಿಲ್ಲ. ಸುತ್ತು ಬಿಚ್ಚಿ ಮರಳಿ ಕೂಡುವ ಆಕೃತಿಯೇ ಸೊಗಸು. ಆದರೆ ಶಾಸ್ತ್ರಾಭಿಮಾನದಿಂದ ಹೆಚ್ಚು ಹೇಳಲಾಗದು. ಭರತನು ಬಂಧಗಳ ಹೆಸರನ್ನು ಕೊಟ್ಟನು. ಒಂದು ಬಂಧದಿಂದ ಇನ್ನೊಂದಕ್ಕೆ ಸಾಗುವ ಬಗೆಯನ್ನು ಶಿಷ್ಯನಿಗೆ ಕ್ರಮವಾಗಿ ಕಲಿಸುವ ಪಾಠವನ್ನು ಬಿಟ್ಟುಹೋಗಲಿಲ್ಲ. ಆ ಪಾಠಕ್ಕಾಗಿಯೇ ಮಾಸ್ಕೋವರೆಗೆ ಹೋಗಬೇಕಾಯಿತು.

ಮಾಯಾ ರಾವ್ ಅವರ ಸಂಯೋಜನೆಗಳಲ್ಲಿ 'ತುಳಸೀ ಕೇ ರಾಮ್', 'ಅಮೀರ್ ಖುಸ್ರೊ', 'ಹೊಯ್ಸಳ ವೈಭವ' ಮೊದಲಾದುವು ಪ್ರಸಿದ್ಧ. ವಸ್ತುವಿನ ಆಯ್ಕೆಯಲ್ಲಿ ಕವಿಗಳ ಪಾಲು ದೊಡ್ಡದೆಂಬುದನ್ನು ಸಾಹಿತ್ಯಾಧ್ಯಾಪಕರು ಗಮನಿಸತಕ್ಕುದು. ಕಾವ್ಯವು ನೃತ್ಯವಾಗುವಾಗ ಕಥೆಯು ಸುಲಭವಾಗಿ ದಾಟಿಬರುತ್ತದೆ, ಉಪಮೆಯು ಬರುವುದಿಲ್ಲ. ಏಕಾಕಿಯಾದ ಅಭಿನಯಕಾರನು ಮುಖಚಂದ್ರವೆಂಬಲ್ಲಿ ಮುಖವನ್ನೂ ಚಂದ್ರನನ್ನೂ ಒಂದೇ ಕೈಯಿಂದ ತೋರಬಲ್ಲನು. ಇಪ್ಪತ್ತು ಮಂದಿ ಒಟ್ಟಿಗೆ ಅದನ್ನು ಮಾಡಿದರೆ ವ್ಯಂಗ್ಯವು ವಾಚ್ಯವಾಗಿ ಇಳಿದುಬಿಡುತ್ತದೆ. ಆದುದರಿಂದ ಸಮೂಹವು ಉಪಮಾನವನ್ನು ಕೈಬಿಟ್ಟು ಋತು, ಜನಸಂದಣಿ, ನದಿ, ಸೈನ್ಯಗಳಂಥ ಬಹುತ್ವವುಳ್ಳ ವಿಭಾವಗಳನ್ನೇ ಹಿಡಿಯಬೇಕಾಗುತ್ತದೆ. ಶಿಲ್ಪದ ವಸ್ತುವಿನಲ್ಲಿ ತೊಡಕು ಬೇರೆ ಬಗೆಯದು. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ದೇಗುಲದ ಮದನಿಕೆಯು ತನ್ನ ತೋರಣದ ಕೆಳಗೆ ಒಬ್ಬಳೇ ನಿಂತವಳು. ಹಳೇಬೀಡಿನ ಪಟ್ಟಿಕೆಗಳಲ್ಲಾದರೋ ಆನೆ, ಕುದುರೆ, ಹಂಸಗಳು ಸಾಲುಗೊಂಡು ಗೋಡೆಯ ಸುತ್ತ ನಡೆಯುತ್ತವೆ. ಹೊಯ್ಸಳರನ್ನು ನರ್ತನಕ್ಕೆ ತರುವವರೆಲ್ಲರೂ ಮದನಿಕೆಗೆ ಮರುಳಾಗುವುದುಂಟು. ಆಗ ನೃತ್ಯವು ಭಂಗಿಗಳ ಪ್ರದರ್ಶನವಾಗಿ ನಿಂತುಹೋಗುತ್ತದೆ. ಸಮೂಹಸಂಯೋಜಕನಿಗೆ ಗುರುವಾಗತಕ್ಕುದು ಆ ಪಟ್ಟಿಕೆಯೇ.

ಬಂಧದ ಲಾಭಕ್ಕೆ ತೆತ್ತ ಬೆಲೆಯನ್ನೂ ಮರೆಮಾಚಬಾರದು. ಎಲ್ಲ ಹೆಜ್ಜೆಗಳೂ ನಿಶ್ಚಿತವಾದ ಮೇಲೆ, ತಪ್ಪಿದನೆಂದುಕೊಂಡ ನರ್ತಕನು ಸಮವನ್ನು ಮುಟ್ಟಿದಾಗಿನ ಆ ಬೆರಗು ಉಳಿಯುವುದಿಲ್ಲ. ಕಥಕ್ ರಸಿಕರ ಆಕ್ಷೇಪಣೆಯು ಇಲ್ಲಿ ನ್ಯಾಯವಾದುದೇ. ಆದರೂ ರಂಗದ ಆಳಗಲಗಳೂ, ಹತ್ತಿರ ದೂರಗಳೂ, ಬರಿದಾಗಿ ಬಿಟ್ಟ ಮೂಲೆಯೂ ಅರ್ಥವನ್ನು ಪಡೆಯುವುದು ಬಂಧದಿಂದಲೇ. ಭರತನ ಕಕ್ಷ್ಯಾವಿಭಾಗವು ಬಯಸಿದುದು ಇದನ್ನೇ ಅಲ್ಲವೆ?

1964ರಲ್ಲಿ ಮರಳಿದ ಮೇಲೆ ಮಾಯಾ ರಾವ್ ಅವರು ದೆಹಲಿಯಲ್ಲಿ ಸಂಯೋಜನೆಯ ಶಿಕ್ಷಣಕ್ಕೆಂದೇ ನಾಟ್ಯ ಸಂಸ್ಥೆಯನ್ನು ತೆರೆದರು. ಮಂಗಳೂರಿನ ಮಗಳಾದ ಕಮಲಾದೇವಿ ಚಟ್ಟೋಪಾಧ್ಯಾಯರ ಬೆಂಬಲವು ಇದಕ್ಕಿದ್ದಿತು. 1987ರಲ್ಲಿ ಸಂಸ್ಥೆಯು ಬೆಂಗಳೂರಿನ ಮಲ್ಲೇಶ್ವರಕ್ಕೆ ಬಂದಿತು. ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ 1989ರಲ್ಲಿ, ಪದ್ಮಶ್ರೀ 2013ರಲ್ಲಿ. ಇವುಗಳಿಗಿಂತ ಮುಖ್ಯವಾದುದು ಇನ್ನೊಂದು. ಉದಯಶಂಕರರು ಸಮೂಹನೃತ್ಯವನ್ನು ಇವರಿಗಿಂತ ಮೊದಲೇ ಲೋಕಪ್ರಸಿದ್ಧಗೊಳಿಸಿದ್ದರು. ಅಲ್ಲಿ ಪ್ರತಿಭೆಯೇ ಪ್ರಧಾನ. ಸಂಯೋಜನೆಯನ್ನು ವ್ಯುತ್ಪತ್ತಿ ಅಭ್ಯಾಸಗಳಿಂದ ಸಾಧಿಸತಕ್ಕ ಪಾಠ್ಯವಿಷಯವನ್ನಾಗಿ ಮಾಡಿ, ಕ್ರಮವಾದ ವ್ಯಾಸಂಗಕ್ಕೆ ಒಳಪಡಿಸಿದುದು ಮಾಯಾ ರಾವ್ ಅವರ ವಿಶೇಷ. ಕಾವ್ಯಹೇತುಗಳಲ್ಲಿ ಪ್ರತಿಭೆಯೊಂದೇ ಸಾಲದೆಂದು ಆಲಂಕಾರಿಕರು ವಾದಿಸಿದಂತೆಯೇ ಇದು.

ಯೂರೋಪಿನಲ್ಲಿ ಸಂಯೋಜನೆಗೆ ರೂಢವಾಗಿರುವ 'ಕೊರಿಯಾಗ್ರಫಿ' ಎಂಬ ಶಬ್ದದ ಮೂಲಾರ್ಥವು ನರ್ತನಲೇಖನ. 1700ರಲ್ಲಿ ಫ್ರಾನ್ಸಿನ ಫ್ಯೂಯೆಯು ಹೆಜ್ಜೆಗಳನ್ನು ಬರೆದಿಡುವ ಪದ್ಧತಿಗೆ ಅದನ್ನು ಬಳಸಿದನು. ಬರೆದಿಟ್ಟ ಪಾಠವಿಲ್ಲದ ಕೃತಿಗೆ ವ್ಯಾಖ್ಯಾನವಾಗಲಿ ಪಾಠಾಂತರವಾಗಲಿ ಸಾಧ್ಯವಿಲ್ಲ. ಮಾಯಾ ರಾವ್ ಅವರು 2014ರ ಸೆಪ್ಟೆಂಬರ್ 1ರಂದು ತೀರಿಕೊಂಡರು. ಅವರ ಬಂಧಗಳು ಶಿಷ್ಯರ ದೇಹಗಳಲ್ಲಿ ಉಳಿದಿವೆ, ಮತ್ತು ದೇಹಗಳಿಗೆ ವಯಸ್ಸಾಗುತ್ತದೆ. ಮಗಳಾದ ಮಧು ನಟರಾಜ್ ಅವರು 1995ರಲ್ಲಿಯೇ ತಮ್ಮದೊಂದು ನರ್ತನಮಂಡಲಿಯನ್ನು ಕಟ್ಟಿ, ಅದೇ ಕಥಕ್ ಪರಿಕರದಿಂದ ಸಮಕಾಲೀನ ನರ್ತನದ ಬೇರೊಂದು ದಿಕ್ಕನ್ನು ಹಿಡಿದರು.